ತಪ್ಪಿದವನೂ ಕ್ರೈಸ್ತನೇ, ಆದರೆ ತಪ್ಪು ತಪ್ಪೇ

ಮಾನ್ಯ ಸಂಪಾದಕರೇ,

ಕುಡಿತಕ್ಕೆ ಬಿದ್ದವನನ್ನೋ ದಾಂಪತ್ಯದಲ್ಲಿ ದಾರಿತಪ್ಪಿದವನನ್ನೋ ಕುರಿತು ‘ಅವನು ಕ್ರೈಸ್ತನೇ ಅಲ್ಲ’ ಎಂದು ನಮ್ಮ ಕ್ರೈಸ್ತ ಸಭೆಗಳಲ್ಲಿ (ಚರ್ಚುಗಳಲ್ಲಿ) ಸಲೀಸಾಗಿ ಹೇಳಿಬಿಡುವುದನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಅದೇ ಸಭೆಗಳಲ್ಲಿ ‘ನಾವೆಲ್ಲರೂ ಪಾಪಿಗಳೇ ತಾನೆ, ಕರ್ತನು ಕ್ಷಮಿಸುತ್ತಾನೆ’ ಎಂದು ತಮ್ಮ ತಪ್ಪನ್ನು ತಾವೇ ಮನ್ನಾ ಮಾಡಿಕೊಳ್ಳುವವರೂ ಇದ್ದಾರೆ. ಮೊದಲನೆಯದು, ಒಬ್ಬನನ್ನು ಕ್ರೈಸ್ತನಾಗಿ ಸೇರಿಸಿಕೊಳ್ಳುವ ದೀಕ್ಷಾಸ್ನಾನದಲ್ಲಿ ದೇವರು ಕೊಟ್ಟದ್ದನ್ನು ಮನುಷ್ಯರು ಕಿತ್ತುಕೊಳ್ಳಲು ಹೊರಡುವ ಮಾತಾದರೆ, ಎರಡನೆಯದು ಆ ಕೊಡುಗೆಯನ್ನೇ ತಪ್ಪಿಗೆ ರಹದಾರಿಯಾಗಿ ಬಳಸುವ ಮಾತು. ಎರಡನ್ನೂ ಸತ್ಯವೇದ (ಬೈಬಲ್) ಒಪ್ಪುವುದಿಲ್ಲ.

ಗ್ರೀಸಿನ ಕೊರಿಂಥದ ಸಭೆಗೆ ಆದಿಸಭೆಯ ಬೋಧಕನಾದ ಪೌಲನು ಕ್ರಿ.ಶ. 55ರ ಆಸುಪಾಸಿನಲ್ಲಿ ಬರೆದ ಮೊದಲನೆಯ ಪತ್ರಿಕೆಯನ್ನು ಈ ದೃಷ್ಟಿಯಿಂದ ಓದಬೇಕು. ಗುಂಪುಗಾರಿಕೆ, ಪರಸ್ಪರರ ಮೇಲೆ ನ್ಯಾಯಾಲಯಕ್ಕೆ ಹೋಗುವುದು, ಒಬ್ಬನಂತೂ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿರುವುದು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ (ಪವಿತ್ರ ಭೋಜನಕ್ಕೆ) ಸೇರಿದಾಗಲೂ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದು ಕೂರುವುದು, ಇವೆಲ್ಲವೂ ಆ ಸಭೆಯಲ್ಲಿದ್ದವು. ಅದೆಲ್ಲ ತಿಳಿದಿದ್ದರೂ ಪತ್ರದ ಮೊದಲ ಸಾಲುಗಳಲ್ಲೇ ಪೌಲನು ಅವರನ್ನು ಕ್ರಿಸ್ತ ಯೇಸುವಿನಲ್ಲಿ ಪವಿತ್ರರಾದವರು ಎಂದು ಕರೆಯುತ್ತಾನೆ. ಹಾಗೆ ಕರೆದನೆಂದು ಮುಂದೆ ಸುಮ್ಮನಿರುವುದಿಲ್ಲ. ತಂದೆಯ ಹೆಂಡತಿಯನ್ನು ಇಟ್ಟುಕೊಂಡವನನ್ನು ಸಭೆಯಿಂದ ಹೊರಗಿಡಲು ಐದನೆಯ ಅಧ್ಯಾಯದಲ್ಲಿ ನೇರವಾಗಿ ಹೇಳುತ್ತಾನೆ. ಆರನೆಯ ಅಧ್ಯಾಯದಲ್ಲಿ ಅನ್ಯಾಯಗಾರರ ಪಟ್ಟಿ ಕೊಟ್ಟು, ನಿಮ್ಮಲ್ಲಿ ಕೆಲವರು ಅಂಥವರಾಗಿದ್ದಿರಿ, ಆದರೆ ತೊಳೆಯಲ್ಪಟ್ಟಿರಿ ಎಂದು ನೆನಪಿಸುತ್ತಾನೆ. ನೀವು ದೇವರವರು, ಆದುದರಿಂದ ಇದು ನಿಮಗೆ ತಕ್ಕದ್ದಲ್ಲ ಎಂಬುದು ಅವನ ವಾದದ ಧಾಟಿ. ಚೆನ್ನಾಗಿ ನಡೆದುಕೊಂಡರೆ ಮಾತ್ರ ನೀವು ದೇವರವರಾಗುತ್ತೀರಿ ಎಂದು ಅವನು ಎಲ್ಲಿಯೂ ಹೇಳುವುದಿಲ್ಲ. ಎರಡನೆಯ ಪತ್ರಿಕೆಯಲ್ಲಿ, ಶಿಕ್ಷೆ ಹೊಂದಿದ ಒಬ್ಬನು ಅಧಿಕವಾದ ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಿರಿ ಎಂದು ಬೇಡಿಕೊಳ್ಳುತ್ತಾನೆ. ಅವನು ಮೊದಲ ಪತ್ರಿಕೆಯಲ್ಲಿ ಬರುವ ವ್ಯಕ್ತಿಯೇ ಎಂಬ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಶಿಸ್ತಿನ ಗುರಿ ಮರಳಿ ಕರೆತರುವುದು ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಸಭೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಗುರುವಿನ ಮುಂದೆ ಪಾಪನಿವೇದನೆ ಮಾಡಬೇಕೆಂದು, ರೋಮಿನಲ್ಲಿ ಬಿಷಪರು ಸೇರಿದ್ದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ವಿಶ್ವಾಸಿಯಾದ ಮೇಲೆ ಪಾಪವೇ ಇರದೆಂದು ಭಾವಿಸಿದ್ದರೆ ಅಂಥ ನಿಯಮ ಏಕೆ ಬೇಕಿತ್ತು? ರೋಮಿನ ಪೋಪರೊಡನೆ ಜಗಳವಾಡಿ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರ್ ಕೂಡ 1517ರ ತನ್ನ ಮಂಡನೆಗಳಲ್ಲಿ ಮೊದಲನೆಯದಾಗಿ ಹೇಳಿದ್ದು, ವಿಶ್ವಾಸಿಗಳ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕು ಎಂಬುದನ್ನೇ.

ನನ್ನ ಹೆಚ್ಚಿನ ಕಳವಳ ಇರುವುದು ನಾವು ಯಾವ ಪಾಪವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬಲ್ಲಿ. ಪೌಲನ ಪಟ್ಟಿಯಲ್ಲಿ ಕುಡುಕನ ಜೊತೆಗೇ ಲೋಭಿಯೂ ಬೈಗುಳದವನೂ ಸುಲಿಗೆ ಮಾಡುವವನೂ ಇದ್ದಾರೆ. ಕುಡುಕನು ಪವಿತ್ರ ಭೋಜನದ ಮೇಜಿನಿಂದ ದೂರ ಉಳಿಯಬೇಕಾಗುತ್ತದೆ. ವರದಕ್ಷಿಣೆ ಎಣಿಸಿಕೊಂಡವನು ಸಭಾ ಸಮಿತಿಗೆ ಚುನಾಯಿತನಾಗಬಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕ್ರೈಸ್ತರಿಗೂ ಅನ್ವಯಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಜಾತಿಯ ವಿಷಯ ಇದಕ್ಕಿಂತ ಗಂಭೀರವಾದದ್ದು. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ದಕ್ಷಿಣ ಭಾರತದ ಸಭೆಗಳಿಗೆ ಜಾತಿಭೇದವನ್ನು ತಡಮಾಡದೆ ಶಾಶ್ವತವಾಗಿ ಕೈಬಿಡಬೇಕೆಂದು ಬರೆದರು. ಭಾರತದ ಕಥೋಲಿಕ ಬಿಷಪರು 1982ರಲ್ಲಿ ತಿರುಚಿರಾಪಳ್ಳಿಯಲ್ಲಿ ಸೇರಿ, ಜಾತಿ ಎಂಬುದು ಕ್ರೈಸ್ತಧರ್ಮದ ನಿರಾಕರಣೆಯೇ ಎಂದು ಸಾರಿದರು. ಆದರೂ ನಮ್ಮವರ ವೈವಾಹಿಕ ಜಾಹೀರಾತುಗಳಲ್ಲಿ ಹಳೆಯ ಜಾತಿಯ ಹೆಸರು ಇಂದಿಗೂ ಕಾಣಿಸುತ್ತದೆ. ಕ್ರೈಸ್ತತನವನ್ನು ಯಾವುದಾದರೂ ನಡತೆ ಬುಡದಲ್ಲೇ ಅಲ್ಲಗಳೆಯುವುದಾದರೆ ಅದು ಇದು. ಇದಕ್ಕಾಗಿ ಯಾರನ್ನಾದರೂ ‘ಅವನು ಕ್ರೈಸ್ತನೇ ಅಲ್ಲ’ ಎಂದು ಅಂದದ್ದನ್ನು ಮಾತ್ರ ನಾನು ಕೇಳಿಲ್ಲ.

ತಿದ್ದುವ ಕೆಲಸ ಬರೀ ಬಾಯಿಮಾತಿನಿಂದ ಆಗುವುದಲ್ಲ ಎಂಬುದಕ್ಕೆ ಕರಾವಳಿಯಲ್ಲೇ ಸಾಕ್ಷಿಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಧರ್ಮಪ್ರಚಾರ ಸಂಸ್ಥೆಯವರು ಶೇಂದಿ ಇಳಿಸುವ ಕಸುಬು ಕ್ರೈಸ್ತ ಬದುಕಿಗೆ ಹೊಂದುವುದಿಲ್ಲವೆಂದು ಎಣಿಸಿದರು. ಆ ಕಸುಬೇ ಪಾಪ ಎಂಬ ಅವರ ತೀರ್ಪನ್ನು ಇಂದು ಪ್ರಶ್ನಿಸಬಹುದು, ನಾನೂ ಅದನ್ನು ಪೂರ್ತಿ ಒಪ್ಪುವವನಲ್ಲ. ಆದರೆ ಕಸುಬು ಬಿಡಿ ಎಂದು ಹೇಳಿ ಅವರು ಜನರನ್ನು ನಡುನೀರಿನಲ್ಲಿ ಕೈಬಿಡಲಿಲ್ಲ. ಹೀಗೆ ಕಸುಬನ್ನೂ ಮನೆಮಾರನ್ನೂ ಕಳೆದುಕೊಂಡ ಹೊಸ ವಿಶ್ವಾಸಿಗಳಿಗೆ ನೇಯ್ಗೆ ಕಲಿಸಿದರು, ಮುದ್ರಣ ಕಲಿಸಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಇಂದು ಕುಡಿತ ಬಿಡು ಎಂದು ಪ್ರಸಂಗ ಮಾಡುವ ಸಭೆಗಳಲ್ಲಿ, ಅವನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿ, ಅಷ್ಟು ದಿನ ಅವನ ಮನೆಯ ಅಕ್ಕಿಬೇಳೆಯ ಹೊಣೆ ಹೊರುವವು ಎಷ್ಟಿವೆ?

ಆದ್ದರಿಂದ ಧರ್ಮಪ್ರಾಂತ್ಯಗಳ (ಬಿಷಪರ ಆಡಳಿತ ವಲಯಗಳ) ಹಾಗೂ ಸಭಾ ಸಮಿತಿಗಳ ಮುಂದೆ ನನ್ನದೊಂದು ವಿನಂತಿ. ಯಾರನ್ನಾದರೂ ಪವಿತ್ರ ಭೋಜನದಿಂದ ತಡೆಯುವ ನಿರ್ಣಯ ಕೈಗೊಂಡ ದಿನವೇ, ಅವನ ಮನೆಗೆ ತಪ್ಪದೆ ಹೋಗಿಬರುವ ಒಬ್ಬ ಹಿರಿಯರನ್ನು ನೇಮಿಸಬೇಕು ಮತ್ತು ಅವನು ಮರಳಿ ಬರುವ ದಾರಿ ಯಾವುದೆಂಬುದನ್ನು ಅದೇ ನಿರ್ಣಯದಲ್ಲಿ ಬರೆದಿಡಬೇಕು. ಸಮಿತಿಗೆ ನಿಲ್ಲುವವರನ್ನು ಕುಡಿತದ ಬಗ್ಗೆ ವಿಚಾರಿಸುವಷ್ಟೇ ಗಂಭೀರವಾಗಿ, ವರದಕ್ಷಿಣೆ ಪಡೆದಿದ್ದೀರಾ, ಜಾತಿ ನೋಡಿ ಸಂಬಂಧ ಬೇಡವೆಂದಿದ್ದೀರಾ, ಮನೆಕೆಲಸದವರಿಗೆ ನ್ಯಾಯವಾದ ಕೂಲಿ ಕೊಡುತ್ತಿದ್ದೀರಾ ಎಂದೂ ಕೇಳುವಂತಾಗಬೇಕು. ಮುಂದಿನ ಸಮಿತಿ ಚುನಾವಣೆಗಳಿಂದಲೇ ಇದನ್ನು ಆರಂಭಿಸಬಹುದು.

ಇಂತಿ,
ಸಭೆಯೊಂದರ ಸದಸ್ಯ, ಮಂಗಳೂರು