ಜಾಝ್ ಕಛೇರಿಯಲ್ಲಿ ಹಿಂದೆ ನಿಂತು ನುಡಿಸುವವರು

ಮಾನ್ಯರೇ,

ಜಾಝ್ ಕಛೇರಿಗಳನ್ನು ಕುರಿತು ಪತ್ರಿಕೆಗಳಲ್ಲಿ ಬರುವ ವರದಿಗಳು ಬಹುಮಟ್ಟಿಗೆ ವೇದಿಕೆಯ ಮುಂಭಾಗದಲ್ಲಿ ನಿಂತ ಸ್ಯಾಕ್ಸೊಫೋನ್ ಅಥವಾ ಟ್ರಂಪೆಟ್ ವಾದಕರ ಪ್ರಶಂಸೆಯಲ್ಲೇ ಮುಗಿದುಹೋಗುತ್ತವೆ. ಡಬಲ್ ಬಾಸ್ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ಮತ್ತು ಡ್ರಮ್ಸ್ ನುಡಿಸಿದವರ ಹೆಸರು ಕೊನೆಯ ಸಾಲಿನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇತ್ತೀಚೆಗೆ ನಾಲ್ವರು ಕಲಾವಿದರ ಒಂದು ಕಛೇರಿಯನ್ನು ಸಭಾಂಗಣದಲ್ಲಿ ಕುಳಿತು ಕೇಳಿದ ಮೇಲೆ, ಈ ರೂಢಿಯಿಂದಾಗಿ ಆ ಸಂಗೀತದ ತಿರುಳೇ ಓದುಗರಿಗೆ ತಲುಪದೆ ಹೋಗುತ್ತಿದೆ ಎಂದು ಬಲವಾಗಿ ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ ಸಂಜೆ ಅವರು ಮೊದಲಿಗೆ ಎತ್ತಿಕೊಂಡದ್ದು 12 ಬಾರ್‌ಗಳ, ಅಂದರೆ ನಾಲ್ಕು ನಾಲ್ಕು ಪೆಟ್ಟುಗಳ 12 ಅಳತೆಗಳ, ಬ್ಲೂಸ್ ಎಂಬ ಬಗೆಯ ರಚನೆ. ಎಲ್ಲರೂ ಸೇರಿ ಮೂಲ ಧಾಟಿಯನ್ನು ನುಡಿಸಿದ ಮೇಲೆ ಅದೇ 12 ಬಾರ್‌ಗಳ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಸರಣಿ ಮತ್ತೆ ಮತ್ತೆ ಸುತ್ತತೊಡಗುತ್ತದೆ, ಅದರ ಮೇಲೆ ಒಬ್ಬೊಬ್ಬರೂ ಸರದಿಯಂತೆ ತಮ್ಮ ಮನೋಧರ್ಮವನ್ನು ವಿಸ್ತರಿಸುತ್ತಾರೆ. ಆವರ್ತ ಎಲ್ಲಿ ತೊಡಗಿತು, ಎಲ್ಲಿ ಮುಗಿಯಿತು ಎಂದು ಯಾರೂ ಕೈಯೆತ್ತಿ ತೋರಿಸುವುದಿಲ್ಲ. ಬಾಸ್ ವಾದಕ ಪ್ರತಿ ಪೆಟ್ಟಿಗೊಂದರಂತೆ ಇಡುವ ಸ್ವರ, ಡ್ರಮ್ಸ್‌ನ ರೈಡ್ ಸಿಂಬಲ್ ಎಂಬ ದೊಡ್ಡ ತಾಳತಟ್ಟೆಯ ನಿರಂತರ ನಡೆ, ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಮುಚ್ಚಿಕೊಳ್ಳುವ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ, ಇವಿಷ್ಟೇ ದಾರಿ ತೋರಿಸುತ್ತವೆ. ಪಿಯಾನೊ ವಾದಕಿಯ ಕೆಲಸವಂತೂ ಇನ್ನೂ ಸೂಕ್ಷ್ಮವಾದುದು. ಸ್ಯಾಕ್ಸೊಫೋನ್ ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಆಕೆ ಇಡುತ್ತಿದ್ದ ಚಿಕ್ಕ ಚಿಕ್ಕ ಕಾರ್ಡ್‌ಗಳು ಮೊದಲೇ ಬರೆದಿಟ್ಟವಲ್ಲ, ಆ ಕ್ಷಣ ಕೇಳಿದ್ದಕ್ಕೆ ಆ ಕ್ಷಣವೇ ಕೊಟ್ಟ ಉತ್ತರಗಳು. ಒಮ್ಮೆ ಸ್ಯಾಕ್ಸೊಫೋನ್ ಒಂದು ನುಡಿಯನ್ನು ಏರಿಸಿ ಅರ್ಧಕ್ಕೇ ನಿಲ್ಲಿಸಿತು. ಪಿಯಾನೊ ಅದರ ಕೊನೆಯ ಮೂರು ಸ್ವರಗಳನ್ನು ಕೆಳಗಿನ ಸ್ಥಾಯಿಯಲ್ಲಿ ಹಿಂತಿರುಗಿಸಿತು. ಮುಂದಿನ ಬಾರ್‌ನಲ್ಲಿ ಅದೇ ಲಯ ಸ್ನೇರ್ ಡ್ರಮ್ಮಿನ ಮೇಲೆ ಕೇಳಿಬಂದಾಗ, ಒಬ್ಬನ ಮನಸ್ಸಿನಲ್ಲಿ ಹುಟ್ಟಿದ ನುಡಿ ನಾಲ್ವರದ್ದೂ ಆಗಿಬಿಟ್ಟಿತ್ತು. ಮನೆಯಲ್ಲಿ ಧ್ವನಿಮುದ್ರಣ ಕೇಳುವಾಗ ನನ್ನ ಕಿವಿ ಇಂಥ ಎಡೆಗಳನ್ನು ಎಷ್ಟೋ ಬಾರಿ ದಾಟಿಕೊಂಡು ಹೋಗಿರಬೇಕು. ವಾದಕರ ಮುಖವನ್ನೂ ಅವರು ಪರಸ್ಪರ ನೋಡಿಕೊಳ್ಳುವ ಬಗೆಯನ್ನೂ ಕಣ್ಣಾರೆ ಕಂಡಾಗ ಕಿವಿ ತಾನಾಗಿಯೇ ಅತ್ತ ತಿರುಗುತ್ತದೆ.

ಆದರೆ ಬಾಸ್ ವಾದಕನ ಸರದಿ ಬಂದಾಗ ಸಭಾಂಗಣದಲ್ಲಿ ನಡೆದದ್ದು ನನಗೆ ನೋವು ತಂದಿತು. ಡಬಲ್ ಬಾಸ್‌ನ ದನಿ ಸಹಜವಾಗಿಯೇ ತಗ್ಗಿನದು. ಅದಕ್ಕೆ ಜಾಗ ಮಾಡಿಕೊಡಲೆಂದೇ ಡ್ರಮ್ಸ್ ವಾದಕ ಕೋಲುಗಳನ್ನು ಕೆಳಗಿಟ್ಟು ಬ್ರಷ್‌ಗಳನ್ನು ಕೈಗೆತ್ತಿಕೊಂಡ, ಪಿಯಾನೊ ವಾದಕಿ ಕೀಲಿಗಳಿಂದ ಕೈಯನ್ನೇ ತೆಗೆದಳು. ಹಾಗೆ ವೇದಿಕೆಯ ಮೇಲಿದ್ದವರು ಅಕ್ಕರೆಯಿಂದ ಬಿಟ್ಟುಕೊಟ್ಟ ನಿಶ್ಶಬ್ದವನ್ನು ಕೇಳುಗರು ಮಾತಿನಿಂದ ತುಂಬಿಸಿಬಿಟ್ಟರು. ಇನ್ನೊಂದು ಸಂಗತಿ ಚಪ್ಪಾಳೆಯದು. ಒಬ್ಬರ ಸರದಿ ಮುಗಿದ ಕೂಡಲೇ ಚಪ್ಪಾಳೆ ತಟ್ಟುವುದು ಜಾಝ್‌ನಲ್ಲಿ ಹಳೆಯ ಪದ್ಧತಿ, ಅದು ಕಲಾವಿದರಿಗೆ ಹುಮ್ಮಸ್ಸು ಕೊಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಅದೇ ರಾತ್ರಿ ಪಿಯಾನೊ ಮುಗಿಸಿದ ಕೊನೆಯ ನುಡಿಯನ್ನೇ ಎತ್ತಿಕೊಂಡು ಸ್ಯಾಕ್ಸೊಫೋನ್ ತನ್ನ ಮಾತು ಆರಂಭಿಸಿದಾಗ, ಆ ಬೆಸುಗೆ ಚಪ್ಪಾಳೆಯ ಸದ್ದಿನಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿದ್ದ ನಮಗೆ ಕೆಲವರಿಗಷ್ಟೇ ಅದು ಕೇಳಿಸಿರಬಹುದು. ಬರುವವರ ಮೊದಲ ನುಡಿ ಮುಗಿಯುವವರೆಗಾದರೂ ಕೈಗಳನ್ನು ತಡೆದುಕೊಳ್ಳುವುದು ಅಸಾಧ್ಯವಾದ ಸಂಯಮವೇನಲ್ಲ.

ಹಿಂದೆ ನಿಂತವರಿಂದಲೇ ಚರಿತ್ರೆಯಲ್ಲಿ ಉಳಿದ ಕಛೇರಿಗಳಿವೆ. 1956ರ ಜುಲೈ 7ರಂದು ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಅವರ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಗೊನ್ಸಾಲ್ವೆಸ್ ಬ್ಲೂಸ್‌ನ 27 ಆವರ್ತಗಳನ್ನು ಒಂದೇ ಸಮನೆ ನುಡಿಸಿದ್ದನ್ನು ಜಾಝ್ ಪ್ರಿಯರೆಲ್ಲ ಬಲ್ಲರು. ಅಷ್ಟು ಹೊತ್ತೂ ಎಲಿಂಗ್ಟನ್ ಅವರ ಪಿಯಾನೊ ಜೊತೆಗೆ ಗೊನ್ಸಾಲ್ವೆಸ್ ಅವರನ್ನು ಹೊತ್ತು ನಡೆಸಿದವರು ಬಾಸ್‌ನಲ್ಲಿ ಜಿಮ್ಮಿ ವುಡ್ ಮತ್ತು ಡ್ರಮ್ಸ್‌ನಲ್ಲಿ ಸ್ಯಾಮ್ ವುಡ್‌ಯಾರ್ಡ್ ಎಂಬುದನ್ನು ನೆನೆಯುವವರು ಕಡಿಮೆ. ಕೌಂಟ್ ಬೇಸಿ ಅವರ ತಂಡದಲ್ಲಿ ಹೆಸರು ಮಾಡಿದ್ದ ಡ್ರಮ್ಸ್ ವಾದಕ ಜೋ ಜೋನ್ಸ್ ಅಂದು ವೇದಿಕೆಯ ಅಂಚಿನಲ್ಲಿ ನಿಂತು, ಸುರುಳಿ ಸುತ್ತಿದ ಒಂದು ವೃತ್ತಪತ್ರಿಕೆಯನ್ನು ಬಡಿಯುತ್ತಾ ಅವರೆಲ್ಲರನ್ನೂ ಹುರಿದುಂಬಿಸಿದರಂತೆ. ಆ ರಾತ್ರಿ ಎಲಿಂಗ್ಟನ್ ಅವರ ವೃತ್ತಿಜೀವನಕ್ಕೇ ಹೊಸ ಕಳೆ ಬಂದಿತು.

1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ಮೂವರ ತಂಡ ನುಡಿಸಿದ್ದರ ಮುದ್ರಣ ನನ್ನ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ. ಅಲ್ಲಿ ಸ್ಕಾಟ್ ಲಫಾರೊ ಅವರ ಬಾಸ್ ಪಿಯಾನೊದ ಕೆಳಗೆ ಅಡಿಪಾಯವಾಗಿ ನಿಲ್ಲುವುದಷ್ಟರಲ್ಲೇ ತೃಪ್ತವಾಗದೆ ಅದರೊಡನೆ ಸರಿಸಮನಾಗಿ ಸಂವಾದಕ್ಕೆ ಇಳಿಯುತ್ತದೆ, ಪಾಲ್ ಮೋಶಿಯನ್ ಅವರ ಡ್ರಮ್ಸ್ ಎಷ್ಟೋ ಕಡೆ ಲಯವನ್ನು ಹೇಳದೆಯೇ ಸೂಚಿಸುತ್ತದೆ. ಹಿನ್ನೆಲೆಯಲ್ಲಿ ಲೋಟಗಳ ಸದ್ದೂ ಕೇಳುಗರ ಮಾತೂ ಸ್ಪಷ್ಟವಾಗಿ ಕೇಳಿಸುತ್ತವೆ. ಅದಾದ ಹನ್ನೊಂದನೆಯ ದಿನ, 25ರ ವಯಸ್ಸಿನಲ್ಲಿ, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಅಂದು ಮಾತಿನಲ್ಲಿ ಮುಳುಗಿದ್ದವರಿಗೆ ತಮ್ಮೆದುರು ಏನು ನಡೆಯುತ್ತಿದೆ ಎಂಬುದರ ಅರಿವಿತ್ತೇ ಎಂದು ಆ ಮುದ್ರಣ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಜಾಝ್ ಕಛೇರಿಯ ಪ್ರಕಟಣೆಯಲ್ಲೂ ವಿಮರ್ಶೆಯಲ್ಲೂ ತಂಡದ ಪ್ರತಿಯೊಬ್ಬರ ಹೆಸರು ಅವರವರ ವಾದ್ಯದೊಡನೆ ಅಚ್ಚಾಗಲಿ. ವಿಮರ್ಶಕರು ಮುಖ್ಯ ವಾದಕರ ವೇಗವನ್ನೂ ಚಮತ್ಕಾರವನ್ನೂ ವರ್ಣಿಸುವುದರ ಜೊತೆಗೆ, ಉಳಿದವರು ಅದಕ್ಕೆ ಹೇಗೆ ಕಿವಿಗೊಟ್ಟರು, ಎಲ್ಲಿ ಉತ್ತರಿಸಿದರು, ಎಲ್ಲಿ ಬೇಕೆಂದೇ ಸುಮ್ಮನಿದ್ದರು ಎಂಬುದನ್ನು ಒಂದೆರಡು ವಾಕ್ಯಗಳಲ್ಲಾದರೂ ಬರೆಯಲಿ. ಅಂಥ ಬರಹ ಓದಿ ಬಂದ ಕೇಳುಗರು ಬಾಸ್ ವಾದಕನ ಸರದಿ ಬಂದಾಗ ಪಕ್ಕದವರೊಡನೆ ಮಾತಿಗೆ ತೊಡಗಲಾರರು ಎಂದು ನಾನು ನಂಬಿದ್ದೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ