ಒಟಿಟಿ ಚಂದಾ ಕಟ್ಟಿದರೆ ಚಿತ್ರದ ಪ್ರತಿ ಕೈಗೆ ಬಂದಂತಲ್ಲ

ಮಾನ್ಯ ಸಂಪಾದಕರೇ,

2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್‌ನಲ್ಲಿ ಚಿತ್ರರಂಗಕ್ಕೆ ಸಂಬಂಧಿಸಿದ ಹಲವು ಘೋಷಣೆಗಳಿದ್ದವು. ಮಲ್ಟಿಪ್ಲೆಕ್ಸ್ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವ ಪ್ರಸ್ತಾವ ಎಲ್ಲರ ಬಾಯಲ್ಲೂ ಓಡಾಡಿತು. ಆ ಗದ್ದಲದಲ್ಲಿ ಇನ್ನೆರಡು ಘೋಷಣೆಗಳು ಅಷ್ಟಾಗಿ ಚರ್ಚೆಗೆ ಬರಲಿಲ್ಲ: ಕನ್ನಡ ಚಿತ್ರಗಳ ಉತ್ತೇಜನಕ್ಕಾಗಿ ಸರ್ಕಾರವೇ ಒಂದು ಒಟಿಟಿ (ಅಂತರ್ಜಾಲದ ಮೂಲಕ ಸಿನಿಮಾ ತೋರಿಸುವ) ವೇದಿಕೆ ರೂಪಿಸುವುದು ಒಂದು, ನಾಡಿನ ಸಾಮಾಜಿಕ, ಚಾರಿತ್ರಿಕ ಮತ್ತು ಸಾಂಸ್ಕೃತಿಕ ಮೌಲ್ಯಗಳನ್ನು ಬಿಂಬಿಸುವ ಕನ್ನಡ ಚಿತ್ರಗಳನ್ನು ಡಿಜಿಟಲ್ ಹಾಗೂ ಡಿಜಿಟಲೇತರ ರೂಪದಲ್ಲಿ ಕೂಡಿಡುವ ಭಂಡಾರಕ್ಕೆ 3 ಕೋಟಿ ರೂಪಾಯಿ ಒದಗಿಸುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಕಡತಗಳಲ್ಲಿ ಇಡದೆ ಒಟ್ಟಿಗೆ ಯೋಚಿಸಬೇಕು, ಮನೆಯಲ್ಲಿ ಕೂತು ಸಿನಿಮಾ ನೋಡುವವರಿಗೆ ಇವುಗಳಿಂದ ಏನು ದಕ್ಕಬೇಕೆಂಬುದನ್ನು ಮೊದಲೇ ತೀರ್ಮಾನಿಸಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಒಟಿಟಿ ಬಂದ ಮೇಲೆ ಡಿಸ್ಕಿನ ಕಾಲ ಮುಗಿಯಿತು ಎಂಬ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ. 1998ರಿಂದ ಅಮೆರಿಕದ ಮನೆಗಳಿಗೆ ಅಂಚೆಯ ಮೂಲಕ ಡಿವಿಡಿ ಕಳುಹಿಸುತ್ತಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಆ ಸೇವೆಯನ್ನೇ ನಿಲ್ಲಿಸಿತು. ನಮ್ಮಲ್ಲಿ 2007ರ ಸುಮಾರಿಗೆ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಳಿಸಿ ಇಡೀ ಮಾರುಕಟ್ಟೆಯನ್ನು ಅಲುಗಾಡಿಸಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನೆಯ ಆದೇಶಕ್ಕೆ ಒಳಗಾಯಿತು. ವಿಸಿಡಿಯ ದಿನಗಳನ್ನು ನೆನೆದು ನಿಟ್ಟುಸಿರು ಬಿಡುವವರು ಅದರ ಚಿತ್ರ ಹೇಗಿರುತ್ತಿತ್ತು ಎಂಬುದನ್ನೂ ನೆನೆಯುವುದು ಒಳ್ಳೆಯದು. 352ಕ್ಕೆ 288 ಚುಕ್ಕಿಗಳ ಆ ಮಸುಕಿನಲ್ಲಿ ದೂರದಲ್ಲಿ ನಿಂತ ಪಾತ್ರದ ಮುಖ ಯಾರದ್ದೆಂದು ತಿಳಿಯುತ್ತಿರಲಿಲ್ಲ. ಒಂದು ಡಿಸ್ಕಿನಲ್ಲಿ 80 ನಿಮಿಷಕ್ಕಿಂತ ಹೆಚ್ಚು ಹಿಡಿಯದ ಕಾರಣ ಎರಡೂವರೆ ಗಂಟೆಯ ಚಿತ್ರ ಎರಡು ಮೂರು ಡಿಸ್ಕುಗಳಿಗೆ ಹಂಚಿಹೋಗಿ, ಗೀರು ಬಿದ್ದು ನಿಂತು ನಿಂತು ಓಡುವುದು ಯಾವಾಗಲೂ ಕ್ಲೈಮ್ಯಾಕ್ಸ್ ಇರುವ ಕೊನೆಯ ಡಿಸ್ಕೇ ಆಗಿರುತ್ತಿತ್ತು. ಪರದೆಯ ಬುಡದಲ್ಲಿ ಯಾವುದೋ ಸೀರೆ ಅಂಗಡಿಯ ಜಾಹೀರಾತು ಓಡಾಡಿಕೊಂಡಿರುತ್ತಿತ್ತು. ಆ ವ್ಯವಸ್ಥೆ ಮರಳಿ ಬರಲಿ ಎಂದು ಯಾರೂ ಬಯಸಲಾರರು. ಸಂಜೆ ಬಾಡಿಗೆಗೆ ತಂದು, ರಾತ್ರಿ ನೋಡಿ, ಬೆಳಿಗ್ಗೆ ಅಂಗಡಿಗೆ ಹಿಂದಿರುಗಿಸುವ ಕೆಲಸವನ್ನು ಒಟಿಟಿ ಹತ್ತು ಪಟ್ಟು ಚೆನ್ನಾಗಿ ಮಾಡುತ್ತಿದೆ.

ಆದರೆ ಅದು ತುಂಬಿರುವುದು ಬಾಡಿಗೆ ಅಂಗಡಿಯ ಜಾಗವನ್ನು ಮಾತ್ರ. ದುಡ್ಡು ಕೊಟ್ಟು ಕೊಂಡು, ಮನೆಯ ಕಪಾಟಿನಲ್ಲಿಟ್ಟು, ಬೇಕೆಂದಾಗ ನೋಡಿ, ಮಕ್ಕಳಿಗೆ ಬಿಟ್ಟುಹೋಗಬಹುದಾದ ಪ್ರತಿಯ ಜಾಗ ಖಾಲಿಯಾಗಿಯೇ ಉಳಿದಿದೆ. ಚಂದಾದಾರನಾಗಿ ನನಗೆ ದೊರೆಯುವುದು ನೋಡುವ ಅನುಮತಿ, ಅದೂ ಕಂಪನಿಗಳ ನಡುವಿನ ಒಪ್ಪಂದ ಇರುವವರೆಗೆ. ಎಚ್‌ಬಿಒ ಸಂಸ್ಥೆಯ ಧಾರಾವಾಹಿಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್‌ನಿಂದ ಹೊರಬಿದ್ದು ಜಿಯೋಸಿನಿಮಾ ಸೇರಿದವು. ಅದೇ ವರ್ಷ ವೂಟ್ ಎಂಬ ಒಟಿಟಿ ಆ್ಯಪ್ ಕೂಡ ಜಿಯೋಸಿನಿಮಾದಲ್ಲಿ ಕರಗಿತು. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೋಹಾಟ್‌ಸ್ಟಾರ್ ಎಂಬ ಮೂರನೆಯದೇ ಹೆಸರು ಬಂತು. ಕಲರ್ಸ್ ಕನ್ನಡದ ಧಾರಾವಾಹಿಗಳನ್ನು ಫೋನಿನಲ್ಲಿ ನೋಡುವ ಗೃಹಿಣಿಯರು ಎರಡೇ ವರ್ಷಗಳಲ್ಲಿ ವೂಟ್‌ನಿಂದ ಜಿಯೋಸಿನಿಮಾಕ್ಕೆ, ಅಲ್ಲಿಂದ ಜಿಯೋಹಾಟ್‌ಸ್ಟಾರ್‌ಗೆ ಆ್ಯಪ್ ಬದಲಿಸಬೇಕಾಯಿತು. ಇದರಲ್ಲಿ ಮೋಸವೇನೂ ಇಲ್ಲ, ವ್ಯಾಪಾರವೇ ಹಾಗೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಮನೆಯ ಸಂಗ್ರಹವನ್ನು ಇಂತಹ ವ್ಯಾಪಾರದ ಮೇಲೆ ಕಟ್ಟಲಾಗದು ಎಂದಷ್ಟೇ ನನ್ನ ತಕರಾರು.

ಬೆಲೆಯ ವಿಷಯವೂ ಇದೆ. ಅಮೆಜಾನ್ ಪ್ರೈಮ್ 2016ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಾಗ ವರ್ಷಕ್ಕೆ 499 ರೂಪಾಯಿ ಇದ್ದದ್ದು, ಬಳಿಕ 999 ಆಗಿ, 2021ರ ಕೊನೆಯಲ್ಲಿ 1499ಕ್ಕೆ ಏರಿತು. 2025ರ ಜೂನ್‌ನಿಂದ ಚಿತ್ರದ ನಡುವೆ ಜಾಹೀರಾತುಗಳೂ ಬಂದವು, ಬೇಡವೆಂದರೆ ಅದಕ್ಕೆ ಬೇರೆ ಹಣ. ‘ಕೆಜಿಎಫ್’ ಎರಡನೆಯ ಭಾಗ 2022ರ ಮೇ ತಿಂಗಳಲ್ಲಿ ಅದೇ ವೇದಿಕೆಗೆ ಬಂದಾಗ, ಆಗಲೇ ಚಂದಾ ಕಟ್ಟಿದ್ದವರೂ ಮೊದಮೊದಲು ನೋಡಬೇಕಾದರೆ 199 ರೂಪಾಯಿ ಬಾಡಿಗೆ ತೆರಬೇಕಿತ್ತು. ನೋಡಲು ಶುರು ಮಾಡಿದ 48 ಗಂಟೆಗಳಿಗೆ ಬಾಡಿಗೆಯ ಅವಧಿ ಮುಗಿಯುತ್ತಿತ್ತು. ಒಮ್ಮೆ ಡಿವಿಡಿ ಕೊಂಡವನ ಮನೆಗೆ ಮರುವರ್ಷ ಯಾರೂ ದರ ಏರಿಸಿಕೊಂಡು ಬಂದದ್ದಿಲ್ಲ. ಇನ್ನು, ಶಾಶ್ವತವಾಗಿ ‘ಕೊಳ್ಳುವ’ ಗುಂಡಿ ಒತ್ತಿದರೂ ನಮಗೆ ಸಿಗುವುದು ಪರವಾನಗಿ ಮಾತ್ರ. ಈ ಸಂಗತಿಯನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು, ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ನಮ್ಮ ಗ್ರಾಹಕ ಸಂಘಟನೆಗಳು ಇತ್ತ ಗಮನ ಹರಿಸಿದರೆ ಒಳ್ಳೆಯದು.

ಚಿತ್ರದ ಗುಣಮಟ್ಟದಲ್ಲಿ ಡಿಸ್ಕೇ ಮೇಲು ಎಂಬ ವಾದವನ್ನು ಸಿನಿಮಾ ಮೋಹಿಗಳು ದೊಡ್ಡದಾಗಿ ಮುಂದಿಡುತ್ತಾರೆ. ಡಿವಿಡಿಗಿಂತ ಬಹಳ ಸ್ಪಷ್ಟ ಚಿತ್ರ ಕೊಡುವ ಅಲ್ಟ್ರಾ ಎಚ್‌ಡಿ (4ಕೆ) ಬ್ಲೂ-ರೇ ಡಿಸ್ಕಿನಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಹರಿಯಬಲ್ಲದು. 4ಕೆ ಚಿತ್ರ ನೋಡಲು 15 ಮೆಗಾಬಿಟ್ ವೇಗದ ಸಂಪರ್ಕ ಸಾಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಮಳೆ, ಹೊಗೆ, ಕತ್ತಲೆಯ ದೃಶ್ಯಗಳಲ್ಲಿ ಈ ಅಂತರ ಕಣ್ಣಿಗೆ ಬೀಳುತ್ತದೆ, ಒಳ್ಳೆಯ ಸ್ಪೀಕರ್ ಇದ್ದರೆ ಕಿವಿಗೂ ತಿಳಿಯುತ್ತದೆ. ಆದರೆ ಕನ್ನಡದ ಮಟ್ಟಿಗೆ ಈ ವಾದಕ್ಕೆ ಹೆಚ್ಚು ತೂಕ ಕೊಡಲಾರೆ, ಏಕೆಂದರೆ ಬ್ಲೂ-ರೇ ರೂಪದಲ್ಲಿ ಬಂದ ಕನ್ನಡ ಚಿತ್ರಗಳೇ ಅಪರೂಪ. ನಮ್ಮ ಕಡೆಯ ಸಮಸ್ಯೆ ಇದಕ್ಕಿಂತ ಸಣ್ಣದು ಮತ್ತು ದಿನನಿತ್ಯದ್ದು. ಎಚ್‌ಡಿ ಗುಣಮಟ್ಟದಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೆ ಡೇಟಾ ಬೇಕು. ಎರಡೂವರೆ ಗಂಟೆಯ ಚಿತ್ರಕ್ಕೆ 7 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿಯ ರೀಚಾರ್ಜ್ ಮಾಡಿಸಿಕೊಂಡವರ ಪಾಲಿಗೆ ಅದು ಮೂರು ದಿನದ ರೇಷನ್ನಿಗೂ ಮೀರಿದ್ದು. ಫೈಬರ್ ಸಂಪರ್ಕ ಬಾರದ ಮಲೆನಾಡಿನ ಒಂಟಿಮನೆಗಳಲ್ಲಿ ಆಷಾಢದ ಮಳೆ ಹಿಡಿದರೆ ನೆಟ್‌ವರ್ಕಿನ ಕಡ್ಡಿಗಳೇ ಮಾಯವಾಗುತ್ತವೆ. (ಕರೆಂಟೂ ಹೋಗುತ್ತದೆ, ಆಗ ಡಿಸ್ಕೂ ಇಲ್ಲ, ಒಟಿಟಿಯೂ ಇಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.)

ನನ್ನ ನಿಜವಾದ ಕಳವಳ ಹಳೆಯ ಕನ್ನಡ ಚಿತ್ರಗಳ ಕುರಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. 2003ರಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳು (ಸುಲಭವಾಗಿ ಹೊತ್ತಿಕೊಳ್ಳುವ ಹಳೆಯ ಬಗೆಯ ಫಿಲ್ಮುಗಳು) ಭಸ್ಮವಾದವು. ಒಂದೇ ಕಡೆ ಇಟ್ಟದ್ದು ಒಂದೇ ಏಟಿಗೆ ಹೋಗುತ್ತದೆ ಎಂಬುದು ಇಷ್ಟು ಚೆನ್ನಾಗಿ ಗೊತ್ತಿದ್ದರೂ, ಚಿತ್ರಗಳನ್ನು ಸರ್ವರ್‌ವೊಂದರಲ್ಲಿಟ್ಟರೆ ಕೆಲಸ ಮುಗಿಯಿತೆಂದು ನಾವು ನಂಬಲು ತಯಾರಾಗಿದ್ದೇವೆ. ಹಳೆಯ ಚಿತ್ರಗಳೆಲ್ಲ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವಲ್ಲ ಎನ್ನುವವರು ಒಮ್ಮೆ ಅವುಗಳನ್ನು ಗಮನವಿಟ್ಟು ನೋಡಬೇಕು. ಹೆಚ್ಚುಕಡಿಮೆ ಚೌಕಾಕಾರದ ಕಪ್ಪು ಬಿಳುಪು ಚಿತ್ರವನ್ನು ಇಂದಿನ ಅಗಲ ಟಿ.ವಿ.ಗೆ ಎಳೆದು ಹೊಂದಿಸಿರುವುದರಿಂದ ನಾಯಕನ ಮುಖ ಊದಿಕೊಂಡಿರುತ್ತದೆ, ರಥದ ಗಾಲಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಎಳೆಯದೆ ಬಿಟ್ಟರೆ ಮೇಲೆ ಕೆಳಗೆ ಕತ್ತರಿಸಿ, ಪಾತ್ರಗಳ ಹಣೆಯೇ ಕಾಣದಂತೆ ಮಾಡಿರುತ್ತಾರೆ. ಮೂಲೆಯಲ್ಲಿ ಕಂಪನಿಯ ಲಾಂಛನ, ಹಾಡಿನ ಎರಡನೆಯ ಚರಣ ನಾಪತ್ತೆ, ಛಾಯಾಗ್ರಾಹಕರ, ಸಂಕಲನಕಾರರ ಹೆಸರಿರುವ ಶೀರ್ಷಿಕೆಯ ಭಾಗ ಅರ್ಧಕ್ಕೇ ಮುಕ್ತಾಯ. ಮುಂದಿನ ತಲೆಮಾರು ಆ ಚಿತ್ರಗಳು ಮೊದಲಿಂದಲೂ ಹೀಗೆಯೇ ಇದ್ದವು ಎಂದುಕೊಂಡರೆ ತಪ್ಪು ಅವರದಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ 4ಕೆ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. 1977ರ ಚಿತ್ರವೊಂದನ್ನು ಹೀಗೆ ತೊಳೆದು ತೋರಿಸಲು ಸಾಧ್ಯ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಹಾಗೆಂದು ಡಿಸ್ಕನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಆಯುಸ್ಸಿದೆ. 2006ರಿಂದ 2008ರ ನಡುವೆ ತಯಾರಾದ ತಮ್ಮ ಕೆಲವು ಡಿವಿಡಿಗಳು ತಾವಾಗಿಯೇ ಕೆಟ್ಟಿವೆ ಎಂದು ವಾರ್ನರ್ ಬ್ರದರ್ಸ್ ಸಂಸ್ಥೆಯೇ 2025ರಲ್ಲಿ ಒಪ್ಪಿಕೊಂಡಿತು. ಡಿಸ್ಕ್ ಚೆನ್ನಾಗಿದ್ದರೂ ಅದನ್ನು ಓಡಿಸುವ ಪ್ಲೇಯರ್ ಸಿಗಬೇಕಲ್ಲ. ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಪ್ಲೇಯರ್‌ಗಳಿಂದ ಕೈ ತೊಳೆದುಕೊಂಡಿತು. ಅಮೆರಿಕದಲ್ಲಿರುವ ಮಗನಿಗೆ ಇಲ್ಲಿಂದ ಡಿವಿಡಿ ಕಳುಹಿಸಿದರೆ, ಡಿವಿಡಿ ಕಂಪನಿಗಳು ಜಗತ್ತನ್ನು ಹಂಚಿಕೊಂಡಿರುವ ವಲಯಗಳಲ್ಲಿ ಭಾರತದ್ದು ಐದನೆಯದು, ಅಲ್ಲಿಯದು ಒಂದನೆಯದು ಎಂದು ಅವನ ಪ್ಲೇಯರ್ ತಕರಾರು ತೆಗೆಯಬಹುದು. ನೋಡುಗನಿಗೆ ಬೇಕಾದದ್ದು ನಕಲು ಮಾಡದಂತೆ, ಬೇರೆಡೆ ಓಡಿಸದಂತೆ ತಾಂತ್ರಿಕ ಬೀಗ ಹಾಕದ, ಯಾವ ಕಂಪನಿಯ ಅನುಮತಿಯನ್ನೂ ಕಾಯದ ಒಂದು ಪ್ರತಿ. ಅದು ಡಿಸ್ಕಿನಲ್ಲಿ ಬರಲಿ, ಪೆನ್‌ಡ್ರೈವಿನಲ್ಲಿ ಬರಲಿ, ಡೌನ್‌ಲೋಡ್ ಮಾಡಿಕೊಳ್ಳುವ ಕಡತವಾಗಿಯೇ ಬರಲಿ, ಅಭ್ಯಂತರವಿಲ್ಲ. ಬೀಗ ಹಾಕದಿದ್ದರೆ ಪೈರಸಿ ಹೆಚ್ಚುತ್ತದೆ ಎಂದು ನಿರ್ಮಾಪಕರು ಹೇಳುವುದು ಸಹಜ. ಬೀಗ ಹಾಕಿದ ಚಿತ್ರಗಳೇ ಒಟಿಟಿಗೆ ಬಂದ ದಿನ ಟೆಲಿಗ್ರಾಂನಲ್ಲಿ ಹರಿದಾಡುತ್ತಿರುವಾಗ, ಬೀಗದಿಂದ ತೊಂದರೆ ಅನುಭವಿಸುತ್ತಿರುವವನು ದುಡ್ಡು ಕೊಡುವ ಗ್ರಾಹಕ ಮಾತ್ರ.

ಈ ಹಿನ್ನೆಲೆಯಲ್ಲಿ ಸರ್ಕಾರ ಮತ್ತು ಕರ್ನಾಟಕ ಚಲನಚಿತ್ರ ಅಕಾಡೆಮಿಯಲ್ಲಿ ನನ್ನ ಕೋರಿಕೆ ಇಷ್ಟು. ಕೇರಳ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಎಂಬ ಒಟಿಟಿ ಆರಂಭಿಸಿ, ಚಿತ್ರವೊಂದಕ್ಕೆ 75 ರೂಪಾಯಿಯಂತೆ ನೋಡಿದಷ್ಟಕ್ಕೇ ಹಣ ಪಡೆಯುವ ಪದ್ಧತಿ ತಂದಿತು. ನಮ್ಮ ವೇದಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೋಡುವ ದರದ ಪಕ್ಕದಲ್ಲಿಯೇ ಪ್ರತಿಯನ್ನು ಖರೀದಿಸುವ ದರವನ್ನೂ ಇಡಬೇಕು; ಆ ಹಣದಲ್ಲಿ ನಿರ್ಮಾಪಕರ ಪಾಲು ಎಷ್ಟೆಂಬುದು ಎಲ್ಲರಿಗೂ ಕಾಣುವಂತಿರಬೇಕು. ರಾಜ್ಯದ ಸಹಾಯಧನ ಪಡೆದ ಚಿತ್ರಗಳ ಪ್ರತಿಗಳನ್ನು, ಬಿಡುಗಡೆಯಾಗಿ ಕೆಲವು ವರ್ಷಗಳ ನಂತರ ಹೀಗೆ ಮಾರಾಟಕ್ಕೆ ಬಿಡಬೇಕೆಂಬ ಷರತ್ತನ್ನು ಸಹಾಯಧನದ ನಿಯಮಗಳಲ್ಲಿಯೇ ಸೇರಿಸಬೇಕು. ಚಲನಚಿತ್ರದ ಹಕ್ಕುಸ್ವಾಮ್ಯ ನಮ್ಮ ಕಾನೂನಿನಂತೆ 60 ವರ್ಷಗಳಿಗೆ ಮುಗಿಯುತ್ತದೆ. ಅದರಂತೆ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅವಧಿ ಎಂದೋ ತೀರಿದೆ. ಕಥೆ, ಸಾಹಿತ್ಯ, ಸಂಗೀತಗಳ ಹಕ್ಕಿನ ಲೆಕ್ಕ ಬೇರೆಯಾದ್ದರಿಂದ ಅದನ್ನು ಕಾನೂನು ಬಲ್ಲವರು ಬಿಡಿಸಿಕೊಡಬೇಕು. ಆ ತೊಡಕು ಬಗೆಹರಿದ ಮೇಲೆ, ಆ ಕಾಲದ ಉಳಿದಿರುವ ಚಿತ್ರಗಳನ್ನು ಮೂಲದ ಆಕಾರದಲ್ಲಿ, ಹಾಡು ಕತ್ತರಿಸದೆ, ಕಿವಿ ಕೇಳಿಸದವರಿಗಾಗಿ ಕನ್ನಡದಲ್ಲಿಯೇ ಅಡಿಬರಹವಿಟ್ಟು ಹೊರತರುವುದಕ್ಕೆ ಭಂಡಾರದ ಹಣದಲ್ಲಿ ಒಂದು ಪಾಲನ್ನು ತೆಗೆದಿಡಬಹುದು. ಜಿಲ್ಲಾ ಗ್ರಂಥಾಲಯಗಳಿಗೂ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೂ ಅವುಗಳ ಒಂದೊಂದು ಪ್ರತಿ ತಲುಪಿ, ಪುಸ್ತಕದಂತೆಯೇ ಸದಸ್ಯರು ಅದನ್ನು ಎರವಲು ಪಡೆಯುವಂತಾಗಬೇಕು. 3 ಕೋಟಿಯಲ್ಲಿ ಇದೆಲ್ಲ ಆಗುವುದಿಲ್ಲ ಎಂದು ಅಧಿಕಾರಿಗಳು ಹೇಳಿದರೆ, ಎಷ್ಟರಲ್ಲಿ ಆಗುತ್ತದೆ ಎಂಬ ಅಂದಾಜುಪಟ್ಟಿಯನ್ನಾದರೂ ಮುಂದಿನ ಬಜೆಟ್‌ಗೆ ಮುನ್ನ ಪ್ರಕಟಿಸಲಿ.

– ಒಬ್ಬ ಓದುಗ, ಸಾಗರ