ಮೆಂಬರಕ್ಕ ಮತ್ತೆ ನಿಲ್ತಾರಂತೆ, ನೀನು ಬರ್ತೀಯಾ?

ಲೇ ದೋಸ್ತ,

ಹೆಂಗಿದೀಯ. ಇದನ್ನ ವಾಟ್ಸಾಪ್‌ನಾಗ ನಿಂಗೊಬ್ಬನಿಗೇ ಹಾಕಬಹುದಿತ್ತು, ಆದ್ರೆ ನಮ್ಮ ಓಣಿ ಹುಡುಗರು ಅರ್ಧಕ್ಕರ್ಧ ನಿನ್ನಂಗೇ ಬೆಂಗಳೂರು, ಪುಣೆ, ದುಬೈ ಅಂತ ಹೋಗಿ ಸೇರ್ಕೊಂಡಾರೆ, ಅವರೂ ಓದ್ಲಿ ಅಂತ ಎಲ್ಲರ ಮುಂದೇ ಬರೀತಿದೀನಿ. ನಮ್ಮ ಹಳೇ ಗುಟ್ಟು ಯಾವುದೂ ಎತ್ತಲ್ಲ, ಹೆದರಬೇಡ.

ವಿಷಯ ಏನಪಾ ಅಂದ್ರೆ ನಮ್ಮ ವಾರ್ಡಿನ ಕಾರ್ಪೊರೇಟರ್ ಮೆಂಬರಕ್ಕ ಮತ್ತೆ ನಿಲ್ಲೋದು ಗಟ್ಟಿ ಮಾಡ್ಯಾರೆ. ಪಾಲಿಕೆ ಎಲೆಕ್ಷನ್ ತಾರೀಖು ಇನ್ನೂ ಬಂದಿಲ್ಲ, ಯಾವ ವಾರ್ಡ್ ಯಾರಿಗೆ ಮೀಸಲು ಅನ್ನೋ ಪಟ್ಟಿನೂ ಬಂದಿಲ್ಲ, ಆದ್ರೆ ಬಳ್ಳಾರಿ ನಿಂಗೆ ಗೊತ್ತಲ್ಲ, ಇಲ್ಲಿ ಎಲೆಕ್ಷನ್ ತಾರೀಖಿಗೆ ಕಾಯಲ್ಲ. ನಿಲ್ಲೋ ಆಸೆ ಇರೋರೆಲ್ಲಾ ಹುಟ್ಟುಹಬ್ಬದ ಫ್ಲೆಕ್ಸ್ ಹಾಕಿಸ್ತಿದಾರೆ, ಮೋತಿ ಸರ್ಕಲ್‌ನಿಂದ ಕೌಲ್ ಬಜಾರ್ ತನಕ ಚಾದಂಗಡಿ ಮುಂದೆ ಇದೇ ಮಾತು. ಅಕ್ಕ ಹೋದ ವಾರ ಮನೆಗೆ ಕರೆಸಿ, ನೀನು ಕನ್ನಡ ಚಂದ ಬರೀತಿಯಪ್ಪ, ಕರಪತ್ರ ನೀನೇ ಬರಿ ಅಂದ್ರು. ಒಂದು ಮಗ್ಗುಲಿಗೆ ಪರಿಚಯ, ಇನ್ನೊಂದು ಮಗ್ಗುಲಿಗೆ ಮಾಡಿದ ಕೆಲಸ. ಹೂಂ ಅಂದು ಬಂದೆ, ಅವತ್ತಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ. ಅಕ್ಕನ ಪಾರ್ಟಿ ಹೆಸರು ಬರೆಯಲ್ಲ ಇಲ್ಲಿ, ಬರೆದ್ರೆ ಜಗಳ ಶುರು ಆಗಿ ಅಕ್ಕನ ಮಾತೇ ಹಿಂದಾಗುತ್ತೆ.

ಪರಿಚಯ ಬರೆಯೋಕೆ ಅವರ ಕತೆ ಪೂರ್ತಿ ಕೇಳಿದೆ. ನಾವು ಅದೇ ಓಣ್ಯಾಗ ಬೆಳೆದ್ರೂ ಎಷ್ಟೋ ಗೊತ್ತಿರಲಿಲ್ಲ ನೋಡು. ಅವರ ಅಪ್ಪ ಅಮ್ಮ ಸಿರುಗುಪ್ಪ ಕಡೆಯ ಭತ್ತದ ಗದ್ದೆ ಕೂಲಿ ಬಿಟ್ಟು ಬಳ್ಳಾರಿಗೆ ಬಂದೋರು. ಅಕ್ಕ ಎಸ್ಸೆಸ್ಸೆಲ್ಸಿ ಓದೋವಾಗ್ಲೇ ಮನೆಗೆ ಜೀನ್ಸ್ ಗಂಟು ಬರೋದಂತೆ, ಹೊಲಿದು ಮುಗಿದ ಪ್ಯಾಂಟಿನ ದಾರ ಕತ್ತರಿಸೋ ಕೆಲಸ, ಪೀಸಿಗಿಷ್ಟು ಅಂತ. ಆಮೇಲೆ ಜೀನ್ಸ್ ಹೊಲಿಯೋ ಯೂನಿಟ್‌ಗೆ ಸೇರಿ ಮಿಷನ್ ಕಲಿತು ಸೊಂಟದ ಬೆಲ್ಟ್ ಹಚ್ಚೋಕೆ ಕೂತ್ರು. ಬೆರಳ ತುದಿಗೆ ಹತ್ತಿದ ಆ ನೀಲಿ ಬಣ್ಣ ಎಷ್ಟು ತೊಳೆದ್ರೂ ಹೋಗ್ತಿರಲಿಲ್ಲ, ಮದುವೆ ದಿನ ಮೆಹಂದಿ ಹಚ್ಚಿದ್ರೂ ಉಗುರಿನ ಸಂದ್ಯಾಗ ಕಾಣ್ತಿತ್ತು ಅಂತ ಅವರೇ ಹೇಳಿದ್ರು. ಅಕ್ಕನ ಗಂಡ, ನಾವು ಅಣ್ಣ ಅನ್ನೋದು, ಅದಿರಿನ ಟಿಪ್ಪರ್ ಓಡಿಸ್ತಿದ್ದ. 2011ರ ಜುಲೈನಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಸಿತಲ್ಲ, ಗಾಡಿಗಳೆಲ್ಲಾ ರೋಡ್ ಪಕ್ಕ ನಿಂತ್ವು, ಆವಾಗ ಮನೆ ನಡೆದಿದ್ದು ಅಕ್ಕನ ಮಿಷನ್ ಮೇಲೆ. ಗಣಿ ದುಡ್ಡಿನ ಬಳ್ಳಾರಿ ಬಗ್ಗೆ ದೇಶಕ್ಕೆಲ್ಲಾ ಗೊತ್ತು, ದಾರ ಕತ್ತರಿಸಿ ಮನೆ ನಡೆಸಿದ ಬಳ್ಳಾರಿ ಬಗ್ಗೆ ಯಾರು ಬರೀತಾರೆ ಹೇಳು.

2021ರಾಗ ವಾರ್ಡ್ ಮಹಿಳೆಗೆ ಬಂತು. ಟಿಕೆಟ್ ಮಾತಾಡೋಕೆ ಬಂದೋರು ಅಣ್ಣನ ಹತ್ರ ಕೂತು ಮಾತಾಡಿದ್ರಂತೆ, ಒಳಗಿಂದ ಅಕ್ಕ ಬಂದು, ನಿಲ್ತೀನಿ, ಆದ್ರೆ ಮೀಟಿಂಗಿಗೂ ನಾನೇ ಹೋಗೋದು, ಸಹಿನೂ ನಂದೇ ಅಂದ್ರಂತೆ. ಅಣ್ಣ ಇವತ್ತಿನ ತನಕ ಆಫೀಸ್ ಮೆಟ್ಟಿಲು ಹತ್ತಿಲ್ಲ. ಹೆಂಡತಿ ಗೆದ್ರೆ ಗಂಡನೇ ಕಾರ್ಪೊರೇಟರ್ ಆಗೋದು ಎಷ್ಟು ಊರಾಗ ನೋಡೀವಿ, ಅದಕ್ಕೇ ನಂಗೆ ಅಣ್ಣನ ಮೇಲೂ ಅಷ್ಟೇ ಗೌರವ.

ಆ ಎಲೆಕ್ಷನ್ ನೆನಪೈತಾ ನಿಂಗೆ? ಏಪ್ರಿಲ್ 27 ಓಟಿಂಗ್, ಅವತ್ತೇ ರಾತ್ರಿ ಒಂಬತ್ತಕ್ಕೆ ಲಾಕ್‌ಡೌನ್. 30ಕ್ಕೆ ಎಣಿಕೆ, 39 ವಾರ್ಡ್‌ನಾಗ ಕಾಂಗ್ರೆಸ್ 21, ಬಿಜೆಪಿ 13, ಪಕ್ಷೇತರರು 5. ಅಕ್ಕ ಗೆದ್ದಾಗ ಒಂದು ಹಾರ ಸಿಗಲಿಲ್ಲ, ಹೂವಿನ ಅಂಗಡಿನೇ ಬಂದ್. ಮರುದಿನ ಬೆಳಿಗ್ಗೆಯಿಂದ ಫೋನು, ಬೆಡ್ ಐತಾ, ಆಕ್ಸಿಜನ್ ಐತಾ, ಆಂಬುಲೆನ್ಸ್ ನಂಬರ್ ಕೊಡ್ರಿ. ತೋರಣಗಲ್ಲಿನಾಗ ಜಿಂದಾಲ್ ಉಕ್ಕಿನ ಕಾರ್ಖಾನೆ ಹತ್ರ ಸಾವಿರ ಬೆಡ್ಡಿನ ಆಸ್ಪತ್ರೆ ಏಳೋಕೆ ಮೇ ಅರ್ಧ ದಾಟಿತು, ಅಲ್ಲೀತನಕ ಓಣಿ ಜನ ಈಯಮ್ಮನ ಮನೆ ಮುಂದೆ ಬಂದು ನಿಲ್ಲೋರು. ಕೈಯಾಗ ಅಧಿಕಾರ ಏನೂ ಇಲ್ಲ ಅವಾಗ, ಯಾಕಂದ್ರೆ ಮೇಯರ್ ಆಯ್ಕೆ ಆಗಿದ್ದೇ 2022ರ ಮಾರ್ಚಿಗೆ. ಹೆಚ್ಚೂಕಡಿಮೆ ಒಂದು ವರ್ಷ ಗೆದ್ದೋರೆಲ್ಲಾ ಬರೀ ಹೆಸರಿಗೆ ಮೆಂಬರ್, ಸಭೆ ಇಲ್ಲ, ಗ್ರ್ಯಾಂಟ್ ಇಲ್ಲ. ಆ ವರ್ಷ ಅಕ್ಕ ಮಾಡಿದ್ದು ಯಾವ ರಿಜಿಸ್ಟರ್‌ನಾಗೂ ಇಲ್ಲ, ಕರಪತ್ರದಾಗ ಏನಂತ ಬರೀಲಿ? ನಿಮ್ಮ ಮಾವನಿಗೆ ಸರ್ಕಾರಿ ಆಸ್ಪತ್ರೆ ವಿಮ್ಸ್‌ನಾಗ ಬೆಡ್ ಸಿಗೋ ತನಕ ಗೇಟಿನ ಹತ್ರ ನಿಂತಿದ್ದು ಅಂತ ಬರೀಲಾ?

ಆಮೇಲಿನ ಕೆಲಸಕ್ಕೆ ಮಾತ್ರ ಲೆಕ್ಕ ಐತೆ. ಅಕ್ಕನ ಹತ್ರ ರಟ್ಟಿನ ಉದ್ದ ನೋಟ್‌ಬುಕ್ ಒಂದೈತೆ, ಕಿರಾಣಿ ಅಂಗಡ್ಯಾಗ ಉದ್ರಿ ಬರೀತಾರಲ್ಲ ಅಂಥದ್ದು. ಎಡಕ್ಕೆ ತಾರೀಖು, ನಡುವೆ ದೂರು, ಬಲಕ್ಕೆ ಖಾಲಿ ಜಾಗ. ಕೆಲಸ ಆದ ಮೇಲೆ ಆ ಖಾಲಿ ಜಾಗದಾಗ ದೂರು ಕೊಟ್ಟೋರ ಕೈಲೇ ಸಹಿ, ಸಹಿ ಬರದಿದ್ರೆ ಹೆಬ್ಬೆಟ್ಟು. ಲೈಟ್ ಕಂಬಕ್ಕೆ ಕಂಬದ ನಂಬರ್, ನೀರಿಗೆ ಯಾವ ವಾಲ್ವ್ ಅಂತ. ಬಲಗಡೆ ಖಾಲಿ ಉಳಿದಿದ್ದೂ ಐತೆ, ನಮ್ಮ ಹಿಂದಿನ ಓಣಿ ಚರಂಡಿ ಮೂರು ಹಾಳೆಯಾಗ ಮೂರು ಸಲ ಐತೆ, ಮೂರೂ ಸಲ ಖಾಲಿ. ಅದನ್ನೂ ಕರಪತ್ರದಾಗ ಹಾಕು, ಆಗದೇ ಇದ್ದಿದ್ದನ್ನ ಮುಚ್ಚಬೇಡ ಅಂದ್ರು. ಎಲೆಕ್ಷನ್‌ಗೆ ನಿಲ್ಲೋರು ಯಾರಾದ್ರೂ ಹಿಂಗಂತಾರಾ?

ನೀರಿನ ಕೆಲಸ ನೀನು ನೋಡಬೇಕಿತ್ತು. ತುಂಗಭದ್ರಾ ಕಾಲುವೆ ನೀರು ಅಲ್ಲೀಪುರ ಕೆರೆಗೆ ಬಂದು, ಅಲ್ಲಿಂದ ನಮಗೆ, ಕಾಲುವೆ ನಿಂತ ಮೇಲೆ ಬೇಸಿಗೆ ಪೂರ್ತಿ ಆ ಕೆರೆಯಾಗ ಉಳಿದಿದ್ದನ್ನೇ ಹಂಚ್ಕೋಬೇಕು, ಅದೆಲ್ಲಾ ಗೊತ್ತೇ ಐತೆ. ನಮ್ಮ ಓಣಿ ಎತ್ತರದಾಗ ಐತೆ, ಕೆಳಗಿನೋರು ಮೋಟಾರ್ ಹಚ್ಚಿದ್ರೆ ನಮಗೆ ಗಾಳಿ ಅಷ್ಟೇ ಬರೋದು. ಅಕ್ಕ ನೀರು ಬಿಡೋ ರಾತ್ರಿ ವಾಲ್‌ಮನ್ ಜೊತೆ ಓಣಿ ಓಣಿ ತಿರುಗಿ, ಯಾವ ವಾಲ್ವ್ ಎಷ್ಟೊತ್ತು ತಿರುವಿದ್ರೆ ಎಲ್ಲೀತನಕ ನೀರು ಏರುತ್ತೆ ಅಂತ ಅದೇ ನೋಟ್‌ಬುಕ್ಕಿನಾಗ ಬರ್ಕೊಂಡು, ಮೇಲಿನ ಓಣಿಗೆ ಮೊದಲು, ಕೆಳಗಿನೋರಿಗೆ ಆಮೇಲೆ ಅಂತ ಸರದಿ ಮಾಡಿಸಿದ್ರು. ಹೊಸ ಪೈಪ್ ಇಲ್ಲ, ಟೆಂಡರ್ ಇಲ್ಲ, ಗುದ್ದಲಿ ಪೂಜೆ ಇಲ್ಲ, ಹಂಗಾಗಿ ಫೋಟೋನೂ ಇಲ್ಲ. ನಮ್ಮಮ್ಮ ಈಗ ಕೊಡ ಹೊತ್ಕೊಂಡು ಇಳಿಯೋದು ತಪ್ಪಿದೆ, ಅಷ್ಟೇ.

ಈಗ ನಂಗೆ ಸಂಕಟ ಆಗ್ತಿರೋ ವಿಷಯಕ್ಕೆ ಬರ್ತೀನಿ. ಅಕ್ಕನ ಜೊತೆ ಮನೆ ಮನೆ ಹೋಗೋಕೆ ಶುರು ಮಾಡೀವಿ. ಜನ ಕೂರಿಸ್ತಾರೆ, ಚಾ ಕೊಡ್ತಾರೆ, ಅಕ್ಕ ನೀನು ಒಳ್ಳೇಕಿ ಅಂತಾರೆ, ಬಾಗಿಲ ತನಕ ಬಂದು ಮೆಲ್ಲಕ ಕೇಳ್ತಾರೆ, ಈ ಸಲ ಎಷ್ಟು ಕೊಡಿಸ್ತೀರಿ ಅಂತ. ಹೋದ ಭಾನುವಾರ ನಮ್ಮ ಸ್ವಂತ ಅತ್ತಿ ಕೇಳಿದ್ಳು. ರಾತ್ರಿ ಗೇಟಿನ ಹತ್ರ ನಿಂತು ನಿಮ್ಮ ಮಾವನ ಜೀವ ಉಳಿಸಿದಾಕಿ ಮುಂದೆ ನಮ್ಮ ಅತ್ತಿ ಕೈ ಚಾಚಿದ್ಳು. ಅಕ್ಕನ ಮುಖ ನಾನು ನೋಡಲಿಲ್ಲ, ಆಗಲಿಲ್ಲ. ಹೊರಗೆ ಬಂದ ಮೇಲೆ ಅವರೇ ಅಂದ್ರು, ಅತ್ತಿ ಮೇಲೆ ಸಿಟ್ಟಾಗಬೇಡ, ಯೂನಿಟ್‌ನಾಗ ಕೆಲಸ ಕಮ್ಮಿ ಐತೆ, ಕರೆಂಟ್ ಬಿಲ್ಲು, ಮೊಮ್ಮಗಳ ಫೀಸು, ಆಕಿ ಕೇಳೋದು ದುಡ್ಡಲ್ಲ, ಐದು ವರ್ಷ ಆದ್ರೂ ನಮ್ಮ ಕಡೆ ಒಬ್ರಾದ್ರೂ ನೋಡ್ತಾರಾ ಅಂತ ಕೇಳ್ತಾಳೆ ಅಂತ. ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ ದೋಸ್ತ. ನಂಗೆ ಸಿಟ್ಟು ಬಂದೈತೆ, ಇನ್ನೂ ಇಳಿದಿಲ್ಲ.

ಇದರ ಮೇಲೆ ಮೀಸಲಾತಿ. ಅರ್ಧ ಸೀಟು ಹೆಂಗಸರಿಗೆ ಅನ್ನೋದರಿಂದಲೇ ಅಕ್ಕನಂಥೋರು ಬಂದ್ರು, ಅದು ಬೇಕೇ ಬೇಕು, ಅದರ ಬಗ್ಗೆ ನಂದು ಎರಡು ಮಾತಿಲ್ಲ. 2023ರಾಗ ತ್ರಿವೇಣಿ 23 ವರ್ಷಕ್ಕೇ ನಮ್ಮೂರ ಮೇಯರ್ ಆದಾಗ ಅಕ್ಕನ ಮಗಳು ಪೇಪರಿನ ಫೋಟೋ ಕತ್ತರಿಸಿ ಬೀರುಗೆ ಅಂಟಿಸಿದ್ಳು, ಇನ್ನೂ ಐತೆ. ಆದ್ರೆ ವಾರ್ಡ್ ಸರದಿ ತಿರುಗುತ್ತಲ್ಲ, ಈ ಸಲ ಬೇರೆ ವರ್ಗಕ್ಕೆ ಹೋದ್ರೆ ಅಕ್ಕ ಅರ್ಜಿನೇ ಹಾಕಂಗಿಲ್ಲ. ಸಾಮಾನ್ಯಕ್ಕೆ ಬಂದ್ರೆ ಹಾಕಬಹುದು, ಆದ್ರೆ ದುಡ್ಡಿರೋ ಗಂಡಸರು ಬಿಡ್ತಾರಾ. ಅಷ್ಟು ವರ್ಷ ಕಲಿತಿದ್ದು, ಯಾವ ವಾಲ್ವ್, ಯಾವ ಕಂಬ, ಯಾವ ಆಫೀಸರ್ ಯಾವ ಮಾತಿಗೆ ಕೇಳ್ತಾನೆ ಅನ್ನೋದು, ಎಲ್ಲಾ ಆ ನೋಟ್‌ಬುಕ್ಕಿನ ಜೊತೆ ಮನೆಗೆ. ಒಬ್ರು ಕೆಲಸ ಕಲಿಯೋ ಹೊತ್ತಿಗೆ ವಾರ್ಡ್ ಕೈ ಬಿಟ್ಟು ಹೋಗದಂಗೆ ಏನಾದ್ರೂ ದಾರಿ ಬೇಕಲ್ಲ, ಎರಡು ಅವಧಿಗೆ ಒಂದು ಸಲ ಸರದಿ ತಿರುಗಿಸಿದ್ರೂ ಸಾಕಿತ್ತು ಅನಿಸುತ್ತೆ ನಂಗೆ.

ನಿಂಗೆ ಒಂದು ಮಾತು ಹೇಳೇ ಇಲ್ಲ ಇಷ್ಟು ದಿನ. ನೀವೆಲ್ಲಾ ಬ್ಯಾಗ್ ಕಟ್ಕೊಂಡು ಬೆಂಗಳೂರು ಹತ್ತಿದಾಗ ನಾನು ಅಪ್ಪನ ಅಂಗಡಿ ನೋಡ್ಕೋಬೇಕು ಅಂತ ಉಳಿದೆ ಅಂದಿದ್ದೆನಲ್ಲ, ಅದು ಅರ್ಧ ಖರೆ. ಇನ್ನರ್ಧ ಅಂದ್ರೆ ನಂಗೆ ಹೋಗೋ ಧೈರ್ಯ ಇರಲಿಲ್ಲ, ಉಳಿದ ಮೇಲೆ ಈ ಊರ ಮೇಲೆ ಪ್ರೀತಿನೂ ಇರಲಿಲ್ಲ, ಬಿಸಿಲು, ಧೂಳು, ಗಣಿ ಸುದ್ದಿ, ಜೀವನ ಇಲ್ಲೇ ಮುಗೀತು ಅನ್ನೋ ಹಂಗೆ ಇದ್ದೆ. ಅಕ್ಕನ ಜೊತೆ ನೀರಿನ ರಾತ್ರಿ ಓಡಾಡಿದ ಮೇಲೇನೇ ಇದು ನಮ್ಮೂರು ಅನಿಸೋಕೆ ಶುರು ಆಗಿದ್ದು. ಅಕ್ಕ ಸೋತ್ರೆ, ಅದೂ ದುಡ್ಡಿಗೆ ಸೋತ್ರೆ, ನಾನು ಇಲ್ಲಿ ಇರೋಕಾಗುತ್ತಾ ಅಂತ ರಾತ್ರಿಯೆಲ್ಲಾ ಯೋಚನೆ. ಇಷ್ಟೆಲ್ಲಾ ಬರೆಯೋಕೆ ಕೂತಿರಲಿಲ್ಲ, ಬಂದುಬಿಡ್ತು.

ಇರ್ಲಿ ಬಿಡು. ಮತದಾರರ ಪಟ್ಟಿ ನೋಡಿದೆ, ನಿನ್ನ ಹೆಸರು ಇನ್ನೂ ನಮ್ಮ ಬೂತಿನಾಗೇ ಐತೆ, ಫೋಟೋದಾಗ ಮೀಸೆ ಚಿಗುರಿದ ಕಾಲದ ಮುಖ. ತಾರೀಖು ಬಂದ ದಿನಾನೇ ಫೋನ್ ಮಾಡ್ತೀನಿ, ರಜೆ ಈಗ್ಲೇ ಹೇಳಿಟ್ಕೋ. ಹಂಪಿ ಎಕ್ಸ್‌ಪ್ರೆಸ್ಸಿಗೆ ಹತ್ತಿದ್ರೆ ಬೆಳಿಗ್ಗೆ ಇಲ್ಲಿರ್ತೀಯ, ಸ್ಟೇಷನ್‌ಗೆ ನಾನೇ ಬರ್ತೀನಿ, ಒಗ್ಗಾಣಿ ಮಿರ್ಚಿ ತಿನ್ಕೊಂಡೇ ಮನೆಗೆ ಹೋಗೋಣ, ನಿಮ್ಮಮ್ಮಗೆ ಮಾತ್ರ ಹೇಳಬೇಡ. ಕರಪತ್ರದ ಕರಡು ನಾಳೆ ಕಳಿಸ್ತೀನಿ, ಆ ಚರಂಡಿ ಸಾಲು ಮೊದಲು ಹಾಕ್ಲಾ ಕೊನೆಗೆ ಹಾಕ್ಲಾ ನೋಡಿ ಹೇಳು.

ನಿನ್ನ ದೋಸ್ತ